ಗಿರಿಯಪ್ಪನ ನೂಲು ಮತ್ತು ಬೆಳಕಿನ ದಾರಿ

ಗಿರಿಯಪ್ಪ ವಾಮಂಜೂರಿನ ನಮ್ಮ ಪ್ರಯೋಗಾಲಯದ ಮೆಕ್ಯಾನಿಕ್. ಮೀನುಗಾರರ ಮನೆಯವನು, ಉರ್ವದಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದ. ತಾನು ಅಳೆದದ್ದು ತಪ್ಪುವುದಿಲ್ಲವೆಂಬ ಒಂದೇ ಒಂದು ಅಹಂಕಾರ ಅವನಿಗಿತ್ತು. ಉಳಿದ ವಿಷಯಗಳಲ್ಲಿ ಅಹಂಕಾರಪಡಲು ಅವನ ಹೆಂಡತಿ ಹರಿಣಾಕ್ಷಿ ಅವಕಾಶ ಕೊಟ್ಟಿರಲಿಲ್ಲ. ಅಳೆಯಲು ಗಾಳದ ನೈಲಾನ್ ನೂಲೇ ಬೇಕು. ಎಳೆದರೆ ಅದು ಹಿಗ್ಗುತ್ತದಲ್ಲ ಎಂದು ನಾನೊಮ್ಮೆ ಕೇಳಿದೆ.

“ಅದು ಎಳೆಯುವವನ ಕೈಯಲ್ಲಿ ಉಂಟು ಸಾರ್” ಎಂದುಬಿಟ್ಟ.

೧೯೮೪ರಲ್ಲಿ ನಮ್ಮ ಸಂಶೋಧಕಿ ಶಶಿಪ್ರಭಾ ಮುಂಬಯಿಯಿಂದ ಒಂದು ಲೇಸರನ್ನು ತಿಂಗಳ ಮಟ್ಟಿಗೆ ಎರವಲು ತಂದಳು. ಅದು ಹಿಂದಿರುಗುವುದರೊಳಗೆ ಫಲ ಸಿಗದಿದ್ದರೆ ಅವಳ ನಾಲ್ಕು ವರ್ಷದ ಪಿಎಚ್‌.ಡಿ. ಮುಳುಗಿದಂತೆಯೇ.

ಅರೆವಾಹಕದ ಹರಳಿಗೆ ಬೆಳಕು ತಾಗಿದಾಗ ಎಲೆಕ್ಟ್ರಾನೊಂದು ಜಾಗ ಬಿಟ್ಟು ಏಳುತ್ತದೆ. ಆದರೂ ಆ ಖಾಲಿ ಜಾಗದ ನಂಟು ಬಿಡದೆ ಅದರ ಸುತ್ತಲೇ ಸುಳಿಯುತ್ತದೆ. ಈ ಜೋಡಿಯೇ ಎಕ್ಸಿಟಾನ್, ಶಶಿಪ್ರಭಾ ನೋಡಬೇಕಿದ್ದದ್ದು ಅದನ್ನೇ. ಅದರ ಸಂಸಾರ ಸೆಕೆಂಡಿನ ಸಾವಿರ ಕೋಟಿಯ ಒಂದು ಪಾಲೂ ಬಾಳುವುದಿಲ್ಲ. ಲೇಸರಿನ ಮಿಂಚನ್ನು ಎರಡಾಗಿ ಒಡೆಯಬೇಕು. ಮೊದಲನೆಯದು ಹರಳಿಗೆ ತಾಗಿ ಈ ಜೋಡಿಯನ್ನು ಹುಟ್ಟಿಸಬೇಕು. ಇನ್ನೊಂದು ನೀರು ತುಂಬಿದ ಗಾಜಿನ ಕೊಳವೆಯನ್ನು ಹಾಯ್ದು ಬಿಳಿಯಾಗಿ ಬಂದು ಅದನ್ನು ನೋಡಬೇಕು. ಎರಡೂ ಒಟ್ಟಿಗೆ ತಲುಪಬೇಕು. ಗಿರಿಯಪ್ಪ ನೂಲು ಹಿಡಿದು ಎರಡು ದಾರಿಗಳನ್ನೂ ಸಮ ಮಾಡಿಕೊಟ್ಟ.

ಮೂರು ವಾರ ಕಳೆದರೂ ಕಾಗದದ ಮೇಲೆ ಯಂತ್ರದ ಪೆನ್ನು ನೇರ ಗೆರೆಯನ್ನೇ ಎಳೆಯುತ್ತಿತ್ತು, ಎಂದರೆ ಜೋಡಿ ಕಂಡೇ ಇರಲಿಲ್ಲ. ಶನಿವಾರ ಲೇಸರ್ ಹೊರಡಬೇಕು. ಗುರುವಾರ ಶಶಿಪ್ರಭಾ ಊಟಕ್ಕೂ ಏಳಲಿಲ್ಲ.

“ಇನ್ನೊಮ್ಮೆ ಅಳೆಯುವ ಗಿರಿಯಪ್ಪಣ್ಣ.”

“ಎಂತಕ್ಕೆ ಮೇಡಂ? ನನ್ನ ನೂಲು ಸುಳ್ಳು ಹೇಳ್ತದಾ?” ಎಂದು ಗೊಣಗುತ್ತಲೇ ಅಳೆದ.

“ಈ ಕೊಳವೆಗೆ ಎಷ್ಟು ಹಿಡಿದಿರಿ?”

“ಒಂಬತ್ತು ಸೆಂಟಿಮೀಟರ್ ಉಂಟು. ಒಂಬತ್ತೇ ಹಿಡಿದೆ.”

ಅವಳು ಹಣೆ ಚಚ್ಚಿಕೊಂಡಳು. “ಅಯ್ಯೋ, ನೀರಿನಲ್ಲಿ ಬೆಳಕು ನಿಧಾನ! ಅದಕ್ಕೆ ಒಂಬತ್ತಲ್ಲ, ಹನ್ನೆರಡು ಹಿಡೀಬೇಕು. ನಾನೇ ಹೇಳ್ಬೇಕಿತ್ತು.”

“ನೀರಿನಲ್ಲಿ ನಡೆಯುವವ ನಿಧಾನ ಅಂತ ನನಗೆ ಹೇಳ್ಲಿಕ್ಕೆ ನೀವು ಬೇಕಾ? ಬೆಳಕೂ ನಮ್ಮ ಹಾಗೇ ಅಂತ ಯಾರಿಗೆ ಗೊತ್ತು ಮಾರಾಯ್ರೆ!”

ನೋಡುವ ಮಿಂಚು ಬರುವಷ್ಟರಲ್ಲಿ ಜೋಡಿಯ ಸಂಸಾರ ಮುಗಿದಿರುತ್ತಿತ್ತು. ಈಗ ಮೊದಲ ಮಿಂಚನ್ನೂ ಅಷ್ಟೇ ತಡಮಾಡಿಸಬೇಕು. ಎಂದರೆ ಗಿರಿಯಪ್ಪ ತನ್ನ ಸಮದಾರಿಯನ್ನು ತಾನೇ ಕೆಡಿಸಬೇಕು. ತನ್ನ ಬಲೆಯನ್ನು ತಾನೇ ಕೊಯ್ಯಲು ಹೇಳಿದಂತೆ ಮುಖ ಮಾಡಿದ. ಆಮೇಲೆ ತಿರುಪು ತಿರುಗಿಸಿ, ಮೊದಲ ಮಿಂಚು ಬಡಿದು ಹಿಂದಿರುಗುವ ಕನ್ನಡಿಯನ್ನು ಒಂದೂವರೆ ಸೆಂಟಿಮೀಟರ್ ಹಿಂದೆ ಸರಿಸಿದ. “ಹೋಗುವಾಗ ಒಂದೂವರೆ, ಬರುವಾಗ ಒಂದೂವರೆ” ಎಂದು ಭೌತಶಾಸ್ತ್ರದ ಮೇಷ್ಟರಾದ ನನಗೇ ಪಾಠ ಹೇಳಿದ.

ಶುಕ್ರವಾರ ಬೆಳಿಗ್ಗೆ ಪೆನ್ನು ಮೊದಲ ಬಾರಿಗೆ ಬಾಗಿತು. ಇಳಿಯಿತು, ಮೆಲ್ಲನೆ ಏರಿತು. ಶಶಿಪ್ರಭಾ ಕನ್ನಡಿಗಳಿದ್ದ ಮೇಜಿಗೇ ತಲೆಯಾನಿಸಿ ಬಿಕ್ಕತೊಡಗಿದಳು.

“ಅಳುವುದಾದ್ರೆ ಹೊರಗೆ ಹೋಗಿ ಅಳಿ ಮೇಡಂ,” ಎಂದ ಗಿರಿಯಪ್ಪ, “ಮೇಜು ಅಲುಗಿದ್ರೆ ನನ್ನ ಅಳತೆ ತಪ್ತದೆ.”