ಕಿಸೆಯಲ್ಲಿದ್ದ ಹಸಿರು ಬಾಬಿನ್

ಓದುವ ಎಲ್ಲರಿಗೂ ನಮಸ್ಕಾರ. ನಾನು ಬರೆಯುವವನಲ್ಲ. ಥಾಣೆಯ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಾ ರಾತ್ರಿ ಶಾಲೆಗೆ ಹೋಗಿ, ಇಪ್ಪತ್ತಾರನೇ ವಯಸ್ಸಿಗೆ ಹತ್ತನೇ ಪಾಸಾದವನು. ಮೊಬೈಲಿನಲ್ಲಿ ಒಂದೇ ಬೆರಳಲ್ಲಿ ಟೈಪ್ ಮಾಡ್ತಿದ್ದೇನೆ. ಒತ್ತಕ್ಷರ ಹುಡುಕ್ಲಿಕ್ಕೇ ಅರ್ಧ ಹೊತ್ತು ಹೋಗ್ತದೆ. ತಪ್ಪು ಕಂಡ್ರೆ ಹೊಟ್ಟೆಗೆ ಹಾಕಿಕೊಳ್ಳಿ. ಆದ್ರೆ ಓದಿ ನಗುವವರಿದ್ರೆ ಇಲ್ಲೇ ನಿಲ್ಲಿಸಿ, ಬೇರೆ ಏನಾದ್ರೂ ಓದಿ. ನಕ್ಕವರನ್ನು ಸಾಕಷ್ಟು ನೋಡಿ ಆಗಿದೆ ನನಗೆ.

ಇಂಥದ್ದನ್ನೆಲ್ಲ ನಾನೂ ನಂಬ್ತಿರಲಿಲ್ಲ. ಊರಿಗೆ ಹೋದಾಗ ದೈವಕ್ಕೆ ಕೈ ಮುಗೀತೇನೆ, ಅದು ಬೇರೆ. ಆದ್ರೆ ಅಲ್ಲಿ ಹಾಗೆ ಶಬ್ದ ಆಯ್ತಂತೆ, ಇಲ್ಲಿ ಹೀಗೆ ಕಂಡಿತಂತೆ ಅಂತ ಕತೆ ಹೇಳುವವರನ್ನು ಕಂಡ್ರೆ ಸಿಟ್ಟು ಬರ್ತಿತ್ತು. ಕೆಲಸ ಇಲ್ಲದವರ ಮಾತು ಅಂತ ಎದ್ದು ಹೋಗ್ತಿದ್ದೆ. ಈಗ ನಾನೇ ಹೇಳ್ಲಿಕ್ಕೆ ಕೂತಿದ್ದೇನೆ.

ನಾವು ಡೊಂಬಿವಲಿ ಪೂರ್ವದಲ್ಲಿ ಹಳೇ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಇರುವುದು. ನಾನು ಐರೋಲಿಯಲ್ಲಿ ಒಂದು ಆಫೀಸಿನ ಕ್ಯಾಂಟೀನ್ ನೋಡಿಕೊಳ್ತೇನೆ. ಮನೆಯಲ್ಲಿ ಹೆಂಡತಿ ರೇಖಾ, ಮಗಳು, ಮತ್ತೆ ಅಮ್ಮನ ಹೊಲಿಗೆ ಮಿಷನ್. ಕಾಲಲ್ಲಿ ತುಳಿಯುವಂಥದ್ದು. ಇದೇ ಮಿಷನ್ ತುಳಿದು ಅಮ್ಮ ದೊಡ್ಡಣ್ಣನನ್ನು, ನನ್ನನ್ನು, ತಂಗಿ ಶಾಲಿನಿಯನ್ನು ದೊಡ್ಡ ಮಾಡಿದ್ದು. ಅಮ್ಮ ತೀರಿಹೋದ ಮೇಲೆ ದೊಡ್ಡಣ್ಣ ಅದನ್ನು ಕೊಟ್ಟಿಗೆಗೆ ಹಾಕಿದ್ದ. ನಾನು ಜಗಳ ಮಾಡಿ, ಬಸ್ಸಿನ ಮೇಲೆ ಕಟ್ಟಿಸಿ ತಂದೆ. ರೇಖಾ ಅದರಲ್ಲೇ ಬ್ಲೌಸು, ಫಾಲು, ಮಗಳ ಫ್ರಾಕು ಎಲ್ಲ ಹೊಲೀತಾಳೆ. ನನಗೂ ಹೊಲಿಗೆ ಬರ್ತದೆ. ಸಣ್ಣವನಿರುವಾಗ ಅಮ್ಮ ಕಲಿಸಿದ್ದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಮಿಷನ್ ಗೊತ್ತಿಲ್ಲದವರಿಗೆ ಒಂದು ಮಾತು. ಹೊಲಿಗೆಗೆ ಎರಡು ದಾರ ಬೇಕು. ಒಂದು ಮೇಲಿನ ರೀಲಿನಿಂದ ಸೂಜಿಗೆ ಬರ್ತದೆ. ಇನ್ನೊಂದು ಸೂಜಿಯ ಅಡಿಯಲ್ಲಿ ಬಾಬಿನ್ ಅಂತ ಸಣ್ಣ ಉರುಳೆಗೆ ಸುತ್ತಿರ್ತದೆ. ಆ ಬಾಬಿನ್ ಕೂರುವ ಸ್ಟೀಲಿನ ಡಬ್ಬಿಗೆ ಬಾಬಿನ್ ಕೇಸ್ ಅಂತಾರೆ. ಮೇಲಿನ ದಾರ ಕೆಳಗೆ ಇಳಿದು ಅಡಿಯ ದಾರವನ್ನು ಎತ್ತಿಕೊಂಡು ಬಂದ್ರೆ ಮಾತ್ರ ಹೊಲಿಗೆ ಕೂರ್ತದೆ. ಕೇಸ್ ತೆಗೆದ್ರೆ ನೀವು ಇಡೀ ದಿನ ತುಳಿಯಿರಿ, ಬಟ್ಟೆಗೆ ತೂತು ಬೀಳ್ತದೆ, ಅಷ್ಟೇ.

ಅಮ್ಮ ಹೊರಗೆ ಹೋಗುವಾಗ ಕೇಸ್ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ತಿದ್ಳು. ನಾವು ಮಕ್ಕಳು ಮಿಷನ್ ಮುಟ್ಟಿ ಯಾರದ್ದೋ ಬಟ್ಟೆ ಹಾಳು ಮಾಡ್ತೇವೆ ಅಂತ. "ಈಗ ತುಳೀರಿ ಎಷ್ಟು ಬೇಕಾದ್ರೂ" ಅಂತ ನಗಾಡ್ಕೊಂಡು ಹೋಗ್ತಿದ್ಳು.

ಈಗ ಶಾಲಿನಿಯ ವಿಷಯ. ಅವಳು ಇಲ್ಲಿ ಕೆಲಸ ಮಾಡ್ಲಿಕ್ಕೆ ಅಂತ ಊರಿನಿಂದ ಬಂದು ನಮ್ಮ ಮನೆಯಲ್ಲೇ ಇದ್ದವಳು. ಒಂದು ದಿನ ಬದಲಾಪುರದ ಮರಾಠಿ ಹುಡುಗನನ್ನು ರಿಜಿಸ್ಟರ್ ಮದುವೆ ಆಗಿ, ಆಮೇಲೆ ಫೋನ್ ಮಾಡಿ ಹೇಳಿದ್ಳು. ಹುಡುಗ ಒಳ್ಳೆಯವನೇ ಅಂತ ಈಗ ಹೇಳ್ತೇನೆ. ಆಗ ನನಗೆ ಮೈಯೆಲ್ಲ ಉರಿ. ನನ್ನ ಅಡಿಗೆಮನೆಯಲ್ಲಿ ಕೂತು ನನ್ನ ಜೊತೆ ಊಟ ಮಾಡ್ತಿದ್ದವಳು ಒಂದು ಮಾತು ಹೇಳ್ಲಿಲ್ಲ. ಊರಿನಿಂದ ದೊಡ್ಡಣ್ಣ ಫೋನಿನಲ್ಲಿ, "ಒಂದು ಹುಡುಗಿಯನ್ನು ನೋಡಿಕೊಳ್ಲಿಕ್ಕೆ ಆಗ್ಲಿಲ್ವಾ ನಿನಗೆ? ಅವಳ ಹೊಸ್ತಿಲು ತುಳಿದ್ರೆ ನನ್ನ ಹೊಸ್ತಿಲು ತುಳೀಬೇಡ" ಅಂದ. ಮೂರು ವರ್ಷ ನಾನು ತುಳೀಲಿಲ್ಲ. ಅವಳ ಫೋನೂ ಎತ್ತಲಿಲ್ಲ.

ಆ ಶುಕ್ರವಾರ ಡ್ಯೂಟಿ ಮುಗಿಸಿ ಬಂದಾಗ ರೇಖಾ ನೆಲದಲ್ಲಿ ಕೂತು ಹಸಿರು ಬಟ್ಟೆ ಕತ್ತರಿಸ್ತಿದ್ಳು. ಅಮ್ಮನ ಟ್ರಂಕಿನಲ್ಲಿ ಹೊಲಿಸದೇ ಉಳಿದಿದ್ದ ಬ್ಲೌಸ್ ಪೀಸ್. ನೋಡಿದ ಕೂಡಲೇ ಗುರ್ತ ಸಿಕ್ಕಿತು.

"ಇದು ಯಾರಿಗೆ?"

"ಶಾಲಿನಿಗೆ. ಏಳು ತಿಂಗಳು ಈಗ. ಆದಿತ್ಯವಾರ ಅವರಲ್ಲಿ ಡೋಹಾಳೆ ಜೇವಣ, ನಮ್ಮಲ್ಲಿ ಬಯಕೆ ಮಾಡಿದ ಹಾಗೆ. ತವರಿನಿಂದ ಒಂದು ಹಸಿರಾದ್ರೂ ಹೋಗ್ಬೇಡ್ವಾ?"

"ಯಾವ ತವರು? ಅವಳಿಗೆ ತವರಿಲ್ಲ."

"ನಿಮಗೆ ತಂಗಿ ಇಲ್ಲದೆ ಇರಬಹುದು. ಅತ್ತೆಗೆ ಮಗಳಿದ್ದಾಳೆ. ಪೀಸ್ ಅತ್ತೆಯದ್ದು, ಮಿಷನ್ ಅತ್ತೆಯದ್ದು. ಇದ್ರಲ್ಲಿ ನಿಮ್ಮದೆಂತ ಉಂಟು ಮಾರಾಯ್ರೆ, ಸಿಟ್ಟೊಂದು ಬಿಟ್ರೆ?"

ಮಾತಿಗೆ ಮಾತು ಬೆಳೆಯಿತು. ಊಟದ ತಟ್ಟೆ ಹಾಗೇ ಬಿಟ್ಟು ಎದ್ದೆ. ಅವಳು ಏನೂ ಆಗದವಳ ಹಾಗೆ ಮಿಷನ್ ಎದುರು ಕೂತು ಬಾಬಿನ್‌ಗೆ ಹಸಿರು ದಾರ ಸುತ್ತಿ, ಕೇಸಿಗೆ ಹಾಕಿ ಇಟ್ಟಳು. ಅಳತೆ ಬ್ಲೌಸ್ ಇರ್ಲಿಲ್ಲ, ಅಂದಾಜಿಗೆ ಸ್ವಲ್ಪ ದೊಡ್ಡದಾಗಿಯೇ ಕತ್ತರಿಸಿದ್ದಳು. ನಾಳೆ ಮಗಳ ಶಾಲೆಯಲ್ಲಿ ಓಪನ್ ಡೇ, ಟೀಚರನ್ನು ಕಾಣ್ಲಿಕ್ಕೆ ಉಂಟು, ಅಲ್ಲಿಂದ ಬಂದು ಹೊಲೀತೇನೆ ಅಂತ ನನಗೆ ಕೇಳುವ ಹಾಗೆ ಮಗಳಿಗೆ ಹೇಳಿದ್ಳು.

ಶನಿವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ನಾನು ಮಿಷನಿನ ಸೂಜಿಯಡಿಯ ತಗಡು ಸರಿಸಿ ಬಾಬಿನ್ ಕೇಸ್ ತೆಗೆದೆ. ದಾರ ತುಂಬಿ ಉಬ್ಬಿಕೊಂಡಿತ್ತು. ಕೈವಸ್ತ್ರದ ತುದಿಯಲ್ಲಿಟ್ಟು ಎರಡು ಗಂಟು ಹಾಕಿ ಪ್ಯಾಂಟಿನ ಕಿಸೆಗೆ ತುರುಕಿದೆ. ಅಮ್ಮನಿಂದ ಕಲಿತ ಬುದ್ಧಿಯನ್ನು ಅಮ್ಮನ ಮಗಳ ಮೇಲೆಯೇ ತೋರಿಸಿದವನು ನಾನು. ಬರೀಲಿಕ್ಕೆ ನಾಚಿಕೆ ಆಗ್ತದೆ. ಆದ್ರೆ ಆ ಹೊತ್ತಿಗೆ ಖುಷಿ ಆಗಿತ್ತು, ಸುಳ್ಳು ಹೇಳುದಿಲ್ಲ. ಲೋಕಲ್‌ನಲ್ಲಿ ನಿಂತು, ಥಾಣೆಯಲ್ಲಿ ಇಳಿದು ಐರೋಲಿಯ ಗಾಡಿ ಹಿಡಿಯುವ ತನಕ ಆಗಾಗ ಕಿಸೆ ಮುಟ್ಟಿ ನೋಡ್ತಿದ್ದೆ.

ಹತ್ತು ಗಂಟೆಗೆ ರೇಖಾಳ ಫೋನ್. "ಬಾಬಿನ್ ಕೇಸ್ ಎಲ್ಲಿ?"

"ನನಗೆಂತ ಗೊತ್ತು?"

"ಸಣ್ಣ ಮಕ್ಕಳ ಹಾಗೆ ಮಾಡ್ಬೇಡಿ. ನಾಳೆ ಬೇಕು ಅದು."

"ಹುಡುಕು" ಅಂತ ಕಟ್ ಮಾಡಿದೆ.

ಸಂಜೆ ಏಳಕ್ಕೆ ಮನೆ ಬಾಗಿಲಲ್ಲಿ ನಿಂತಾಗ ದೊಡ್ಡ ಜಗಳಕ್ಕೆ ತಯಾರಾಗಿಯೇ ಇದ್ದೆ. ಒಳಗೆ ಬಂಗುಡೆ ಹುರಿಯುವ ಪರಿಮಳ. ರೇಖಾ ನಗ್ತಾ ಬಂದು ಬ್ಯಾಗ್ ತೆಗೆದುಕೊಂಡ್ಳು. ಕಣ್ಣು ಒದ್ದೆ ಇತ್ತು. ಕಿಟಕಿಯ ಗ್ರಿಲ್ಲಿಗೆ ಹಸಿರು ಬ್ಲೌಸ್ ನೇತಾಡ್ತಿತ್ತು. ಪೂರ್ತಿ ಹೊಲಿದಾಗಿತ್ತು, ಹುಕ್ಕು ಮಾತ್ರ ಬಾಕಿ.

"ಬಾಯಿ ಬಿಟ್ಟು ಹೇಳ್ಲಿಕ್ಕೆ ಆಗುದಿಲ್ಲ ಅಲ್ವಾ ನಿಮಗೆ?" ಅಂದ್ಳು.

"ಎಂತ?"

"ಮಧ್ಯಾಹ್ನ ರಜೆ ಹಾಕಿ ಬಂದು ಹೊಲಿದು ಹೋದದ್ದು. ನಾವು ಶಾಲೆಯಿಂದ ಬರುವಾಗ ಮಿಷನಿನ ಮೇಲೆ ಮಡಚಿ ಇಟ್ಟಿತ್ತು. ಕೇಸ್ ತೆಗೆದುಕೊಂಡು ಹೋದದ್ದು ನೀವು, ಮನೆಯ ಇನ್ನೊಂದು ಬೀಗದ ಕೈ ಇರುವುದೂ ನಿಮ್ಮ ಹತ್ರ. ಮತ್ತೆ ಯಾರು ಹೊಲೀಬೇಕು?"

ನನಗೆ ಸಿಟ್ಟು ತಲೆಗೆ ಏರಿತು. ನನ್ನನ್ನು ತಮಾಷೆ ಮಾಡ್ತಿದ್ದಾಳೆ, ಸ್ಟೇಷನ್ ಹತ್ರದ ಅಂಗಡಿಯಿಂದ ಬೇರೆ ಕೇಸ್ ತಂದು ಹೊಲಿದು ಈಗ ನಾಟಕ ಆಡ್ತಿದ್ದಾಳೆ ಅಂತ ಗ್ರಹಿಸಿದೆ. "ನಾನು ಹೊಲಿದಿಲ್ಲ" ಅಂತ ಕೂಗಿದೆ. "ಆಯ್ತು ಆಯ್ತು, ನೀವಲ್ಲ" ಅಂತ ಅವಳು ಇನ್ನೂ ನಕ್ಕಳು. ಅಷ್ಟರಲ್ಲಿ ಪಕ್ಕದ ಮನೆಯ ಮರಾಠಿ ಹೆಂಗಸು, ನಾವು ಕಾಕು ಅಂತ ಕರೆಯುವವರು, ಬಾಗಿಲಿಗೆ ಬಂದು, "ಕಾಯ್ ಅಣ್ಣಾ, ಆಜ್ ಬಾಯ್ಕೋಲಾ ಸುಟ್ಟೀ ದಿಲೀ ಕಾ?" ಅಂತ ನನ್ನನ್ನೇ ಕೇಳಿದ್ರು. ಇವತ್ತು ಹೆಂಡತಿಗೆ ರಜೆ ಕೊಟ್ಟು ನೀನೇ ಮಿಷನಿಗೆ ಕೂತಿದ್ದಾ ಅಂತ. ಮಧ್ಯಾಹ್ನ ಇಡೀ ನಮ್ಮ ಮಿಷನಿನ ಖಡ್ ಖಡ್ ಶಬ್ದಕ್ಕೆ ಅವರ ನಿದ್ದೆ ಹಾಳಾಯ್ತಂತೆ. ಯಾರನ್ನೂ ಕಂಡಿಲ್ಲ, ಗೋಡೆಯಾಚೆಯಿಂದ ಶಬ್ದ ಮಾತ್ರ.

ನಾನು ಬ್ಲೌಸ್ ತೆಗೆದು ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ನಮ್ಮ ಮಿಷನ್‌ಗೆ ಒಂದು ಚಾಳಿ ಉಂಟು, ಬಟ್ಟೆ ದಪ್ಪ ಬಂದಲ್ಲಿ ಒಂದು ಹೊಲಿಗೆ ಹಾರಿಸ್ತದೆ. ಕಂಕುಳಿನ ಹತ್ರ ನೋಡಿದೆ. ಒಂದು ಹೊಲಿಗೆ ಹಾರಿತ್ತು, ಎರಡೂ ಕಡೆ. ಬೇರೆ ಮಿಷನಿನದ್ದಲ್ಲ. ಮಿಷನಿನ ತಗಡು ಸರಿಸಿದೆ, ಕೇಸಿನ ಜಾಗ ಖಾಲಿ. ಡ್ರಾಯರ್ ಎಳೆದು ಹುಡುಕಿದೆ, ಬೇರೆ ಕೇಸ್ ಇಲ್ಲ. ಸಿಟ್ಟಿನಲ್ಲಿ ಪೆಡಲಿಗೆ ಒದ್ದು ಕಾಲಿನ ಹೆಬ್ಬೆರಳಿಗೆ ಪೆಟ್ಟು ಮಾಡಿಕೊಂಡೆ. ರೇಖಾ, "ಹೊಲಿದದ್ದಕ್ಕೆ ಅಷ್ಟು ನಾಚಿಕೆ ಯಾಕೆ?" ಅಂತ ಅಡಿಗೆಮನೆಯಿಂದ ಕೇಳಿದ್ಳು.

ಇವಳ ಮುಖಕ್ಕೆ ಹಿಡಿಯುವ ಅಂತ ಕೈವಸ್ತ್ರ ಹೊರಗೆ ತೆಗೆದೆ. ಗಂಟು ನಾನು ಹಾಕಿದ ಹಾಗೇ ಇತ್ತು, ಎರಡೂ ಗಂಟು, ಬಿಗಿಯಾಗಿ. ಉಗುರಿಗೆ ಬರದೆ ಹಲ್ಲಿನಲ್ಲಿ ಬಿಡಿಸಬೇಕಾಯ್ತು. ಕೇಸ್ ಒಳಗೆ ಬಾಬಿನ್ ಬೋಳು. ಬೆಳಿಗ್ಗೆ ಉಬ್ಬಿಕೊಂಡಿದ್ದ ಬಾಬಿನ್‌ನಲ್ಲಿ ಒಂದು ಗೇಣು ಹಸಿರು ದಾರ ಉಳಿದಿತ್ತು. ಒಂದು ಬ್ಲೌಸಿಗೆ ಎಷ್ಟು ದಾರ ಬೇಕೋ ಅಷ್ಟು ಹೋಗಿತ್ತು.

ಅಲ್ಲಿಯೇ ಸ್ಟೂಲಿನಲ್ಲಿ ಕೂತೆ. ಹೆದರಿಕೆ ಅಂತ ಹೇಳ್ಲಿಕ್ಕೆ ಬರುದಿಲ್ಲ. ಯಾರೋ ನನ್ನ ಕಿಸೆಗೆ ಕೈ ಹಾಕಿದ ಹಾಗೆ ಸಿಟ್ಟು ಬಂತು. ರೇಖಾಳಿಗೆ ತೋರಿಸಿ ಪ್ರಯೋಜನ ಇರ್ಲಿಲ್ಲ. ಖಾಲಿ ಬಾಬಿನ್ ಕಂಡ್ರೆ "ನೋಡಿ, ನೀವೇ ಹೊಲಿದದ್ದಲ್ವಾ" ಅಂತಾಳೆ, ಅಷ್ಟೇ. ಸುಮ್ಮನೆ ಕೇಸನ್ನು ಅದರ ಜಾಗಕ್ಕೆ ಹಾಕಿದೆ.

ಮರುದಿನ ಬದಲಾಪುರಕ್ಕೆ ಹೋದೆ. ಹೋಗುದಿಲ್ಲ ಅನ್ಲಿಕ್ಕೆ ಬಾಯಿ ಎಲ್ಲಿತ್ತು? ಮೆಗಾಬ್ಲಾಕ್ ಇತ್ತು, ಹಳಿ ರಿಪೇರಿಗೆ ಅರ್ಧ ಗಾಡಿ ಬಂದ್; ಕಿಕ್ಕಿರಿದ ಗಾಡಿಯಲ್ಲಿ ರೇಖಾ, ರಾತ್ರಿಯೇ ಹುಕ್ಕು ಹಚ್ಚಿದ್ದ ಬ್ಲೌಸಿನ ಪೊಟ್ಟಣವನ್ನು ತಲೆ ಮೇಲೆ ಎತ್ತಿ ಹಿಡ್ಕೊಂಡು ಬಂದ್ಳು. ಶಾಲಿನಿ ಬಾಗಿಲಲ್ಲಿ ನನ್ನನ್ನು ಕಂಡು ಗೋಡೆ ಹಿಡಿದುಕೊಂಡು ನಿಂತುಬಿಟ್ಟಳು. ರೇಖಾ ಎಲ್ಲರೆದುರು, "ನಿನ್ನ ಅಣ್ಣನೇ ಹೊಲಿದದ್ದು, ಡ್ಯೂಟಿ ಬಿಟ್ಟು ಬಂದು, ನನಗೂ ಹೇಳದೆ" ಅಂದ್ಳು. ಶಾಲಿನಿ ಒಳಗೆ ಹೋಗಿ ಹಾಕಿಕೊಂಡು ಬಂದ್ಳು. ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು. ನಾನು ಮೂರು ವರ್ಷ ನೋಡದ ಮೈ ಅದು.

"ಅಣ್ಣ, ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದಿಯಲ್ಲ, ಅಮ್ಮನ ಹಾಗೆಯೇ" ಅಂತ ನನ್ನ ಕೈ ಹಿಡಿದ್ಳು. "ಅತ್ತಿಗೆ ಒಂದೇ ಬೆರಳು ಬಿಡುದು. ನೀನೇ ಹೊಲಿದದ್ದು ಅಂತ ಇದ್ರಲ್ಲೇ ಗೊತ್ತಾಯ್ತು."

ನಾನು "ಹೂಂ" ಅಂದೆ.

ನನ್ನ ಸಿಟ್ಟೆಲ್ಲ ಈಗ ಆ ಒಂದು ಹೂಂ ಮೇಲೆ. ದೊಡ್ಡಣ್ಣ ಆಮೇಲೆ ನನ್ನ ಹತ್ರ ಮಾತು ಬಿಟ್ಟ, ಬಿಡ್ಲಿ. ಆದ್ರೆ ಬೀಗ ಹಾಕಿದವನು ನಾನು, ಬಾಗಿಲು ತೆರೆದವನು ಅಂತ ಹೆಸರು ನನಗೆ. ಮಾಡದ ಕೆಲಸದ ಮರ್ಯಾದೆ ತಿಂದು ಕೂತಿದ್ದೇನೆ ಇಷ್ಟು ವರ್ಷ.

ಇಬ್ಬರ ಹತ್ರ ಮಾತ್ರ ಹೇಳಿದ್ದೆ. ನಮ್ಮ ಆಫೀಸಿನ ಮೈಸೂರಿನ ಸಾಹೇಬರೊಬ್ಬರು, "ನೀವೇ ಹೋಗಿ ಹೊಲಿದು ಮರೆತಿದ್ದೀರಿ, ಟೆನ್ಷನ್‌ನಲ್ಲಿ ಹಾಗಾಗತ್ತೆ" ಅಂದ್ರು. ಮರೆಯುವುದು ಎಲ್ಲಿಂದ? ಅವತ್ತು ಮಧ್ಯಾಹ್ನ ಅವರ ತಟ್ಟೆಗೆ ಸಾರು ಬಡಿಸಿದವನೇ ನಾನು! ಕಲ್ಯಾಣದಲ್ಲಿ ಹೋಟೆಲ್ ನೋಡಿಕೊಳ್ಳುವ ಕುಂದಾಪುರದ ಗೆಳೆಯ, "ದಾರದ ತುದಿ ಟ್ರೇನಿನಲ್ಲಿ ಯಾರದ್ದೋ ಬ್ಯಾಗಿಗೆ ಸಿಕ್ಕಿ ಬಿಚ್ಚಿಕೊಂಡು ಹೋಗಿರ್ತದೆ ಮಾರಾಯ, ನಿನ್ನ ಹಸಿರು ದಾರ ಕೊನೆಯ ಸ್ಟೇಷನ್ ಸಿಎಸ್‌ಟಿ ತನಕ ಹೋಗಿದೆ" ಅಂತ ಹೊಟ್ಟೆ ಹಿಡಿದು ನಕ್ಕ. ಗಂಟಿನ ಒಳಗಿನಿಂದ ಹೇಗೆ ಹೋಗ್ತದೆ ಅಂತ ಕೇಳಿದೆ. ಸರಿ, ದಾರ ಹೋಯ್ತು, ಬ್ಲೌಸ್ ಯಾರು ಹೊಲಿದ್ರು ಅಂತ ಕೇಳಿದ್ರೆ ಇನ್ನೊಂದು ಚಾ ತರಿಸಿದ. ರೇಖಾಳೇ ಮಾಡಿರಬಹುದಾ ಅಂತ ನಾನೂ ಎಷ್ಟೋ ಸಲ ಯೋಚಿಸಿ ನೋಡಿದ್ದೇನೆ. ಹನ್ನೆರಡರಿಂದ ನಾಲ್ಕರ ತನಕ ಅವಳು ಶಾಲೆಯಲ್ಲಿ ಟೀಚರ್ ಎದುರು ಸಾಲಿನಲ್ಲಿ ಕೂತಿದ್ದಳು. ಮಗಳೂ ಜೊತೆಗಿದ್ದಳು.

ಅಮ್ಮ ಬಂದಿದ್ಳು ಅಂತ ನಾನು ಹೇಳುದಿಲ್ಲ. ಹಾಗೆ ಹೇಳುವವರ ಮೇಲೆ ನನಗೆ ಈಗಲೂ ಸಿಟ್ಟೇ. ಆದ್ರೆ ಏನಾಯ್ತು ಅಂತಲೂ ಗೊತ್ತಿಲ್ಲ.

ಇಷ್ಟು ದಿನ ಸುಮ್ಮನಿದ್ದು ಈಗ ಯಾಕೆ ಬರೆದೆ ಅಂದ್ರೆ, ಹೋದ ವಾರ ಶಾಲಿನಿ ಮಗನನ್ನು ಕರ್ಕೊಂಡು ಬಂದಿದ್ಳು. ಅವನೀಗ ಶಾಲೆಗೆ ಹೋಗ್ತಾನೆ. ಬ್ಯಾಗಿನಿಂದ ಅದೇ ಹಸಿರು ಬ್ಲೌಸ್ ತೆಗೆದು ಮಿಷನಿನ ಮೇಲೆ ಇಟ್ಟಳು. "ಬಿಗಿ ಆಗ್ತದೆ ಅಣ್ಣ. ಒಳಗಿನ ಬಟ್ಟೆ ಬಿಡಿಸಿ ಕೊಡು. ಬೇರೆಯವರ ಕೈಗೆ ಕೊಡ್ಲಿಕ್ಕೆ ಮನಸ್ಸಿಲ್ಲ, ನೀನು ಹೊಲಿದದ್ದು ನೀನೇ ಬಿಚ್ಚು" ಅಂದ್ಳು.

ಒಂದು ವಾರದಿಂದ ಬ್ಲೇಡ್ ಹಿಡ್ಕೊಂಡು ಕೂರ್ತೇನೆ, ಏಳ್ತೇನೆ. ಆ ಹಾರಿದ ಹೊಲಿಗೆಯ ತನಕ ಬೆರಳು ಹೋಗ್ತದೆ, ಮುಂದೆ ಹೋಗುದಿಲ್ಲ. ನಾನು ಹೊಲಿದಿಲ್ಲ ಶಾಲಿನಿ ಅಂತ ಹೇಳಿದ್ರೆ ಅವಳ ಕೈಗೆ ಏನು ಉಳೀತದೆ? ಹೇಳದೆ ಬಿಚ್ಚಿದ್ರೆ ನಾನು ಯಾರ ಹೊಲಿಗೆ ಬಿಚ್ಚಿದ ಹಾಗಾಯ್ತು?

ನಿಮ್ಮಲ್ಲಿ ಯಾರಿಗಾದ್ರೂ ಹೀಗೆ ಆಗಿದ್ರೆ, ನೀವು ಮಾಡದ್ದನ್ನು ನಿಮ್ಮ ಹೆಸರಲ್ಲಿ ಯಾರೋ ಮಾಡಿಟ್ಟಿದ್ರೆ, ದಯವಿಟ್ಟು ಬರೆಯಿರಿ. ಆಮೇಲೆ ನೀವು ಏನು ಮಾಡಿದ್ರಿ ಅಂತಲೂ ಬರೆಯಿರಿ. ಬ್ಲೌಸ್ ಇಲ್ಲೇ ಮಿಷನಿನ ಮೇಲೆ ಇದೆ. ಆದಿತ್ಯವಾರ ಅವಳು ತೆಗೆದುಕೊಂಡು ಹೋಗ್ಲಿಕ್ಕೆ ಬರ್ತಾಳೆ.