ಆಕಾಶಕ್ಕಾಗಿ ಕಡಿಸಿದ ತೆಂಗಿನಮರ

ಚೌಳಹಿರಿಯೂರಿನಿಂದ ಆಚೆ, ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದ ಮೇಲೆ ನಾವು ಉಪಗ್ರಹ ಇಂಟರ್‌ನೆಟ್ಟಿನ ಡಿಶ್ ಕೂರಿಸಿದ್ದೆವು. ಅಲ್ಲಿನ ನರ್ಸ್ ಕಡೂರಿನ ಡಾಕ್ಟರಿಗೆ ವಿಡಿಯೊ ಕರೆ ಮಾಡುತ್ತಿರುವಾಗ ಮೊಬೈಲ್ ಟವರ್ ಸಿಗ್ನಲ್ ಕುಂದಿದರೆ, ಕರೆ ತುಂಡಾಗದೆ ಉಪಗ್ರಹಕ್ಕೆ ದಾಟಬೇಕು. ಹಾಗೆ ದಾಟಿಸುವ ಪೆಟ್ಟಿಗೆಯನ್ನು ವಿಶ್ವವಿದ್ಯಾಲಯದಲ್ಲಿ ನಾನೇ ತಯಾರಿಸಿದ್ದೆ. ಮೂರು ದಿನ ನೋಡಿದೆವು, ಪ್ರತಿ ಸಲವೂ ಕರೆ ತುಂಡಾಯಿತು.

ಬೇಲಿಯಾಚೆ ಒಂದು ತೆಂಗಿನಮರವಿತ್ತು. ಗರಿಗಳು ಅಡ್ಡ ಬರುತ್ತಿವೆ ಎಂದೆ. ಯಾರೂ ಎದುರು ಪ್ರಶ್ನೆ ಕೇಳಲಿಲ್ಲ. ಡಿಶ್ಶನ್ನೇ ಸರಿಸಿ ನೋಡುವ ತಾಳ್ಮೆ ನನಗಿರಲಿಲ್ಲ.

ಮರ ಪಕ್ಕದ ಮನೆಯ ಅಜ್ಜಿಯದು.

“ಹೊಂಬಾಳೆ ಒಡ್ದದೆ ಕಣಪ್ಪಾ. ಎಲ್ಡು ಗರಿ ಕಡುದ್ರೆ ಸಾಲದಾ?”

“ಸಾಲಲ್ಲ ಅಜ್ಜಿ. ಉಪಗ್ರಹ ಒಂದೇ ಕಡೆ ನಿಲ್ಲಲ್ಲ, ಓಡ್ತಾ ಇರುತ್ತೆ.”

“ಅದು ಓಡಾಡಕ್ಕೆ ನನ್ ಮರದ್ ಮೇಲೇ ಬರ್ಬೇಕಾ” ಎಂದು ನಕ್ಕರು. ಆಮೇಲೆ ಮರದ ಕಡೆ ತಿರುಗಿದರು. “ಆಸ್ಪತ್ರೆಗೆ ಅಂದ್ರೆ ಹೆಂಗ್ ಬ್ಯಾಡ ಅನ್ಲಿ.”

ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕೈಮುಗಿದು ಒಳಗೆ ಹೋದರು. ಮರ ಬೀಳುವಾಗ ಹೊರಗೆ ಬರಲಿಲ್ಲ.

ಮರ ಬಿದ್ದ ಮೇಲೂ ಕರೆ ತುಂಡಾಯಿತು.

ಟವರ್ ಸಿಗ್ನಲ್ ಪೂರ್ತಿ ಹೋದ ಮೇಲಷ್ಟೇ ಉಪಗ್ರಹಕ್ಕೆ ದಾಟಬೇಕೆಂದು ಪೆಟ್ಟಿಗೆಗೆ ನಾನೇ ಹೇಳಿಕೊಟ್ಟಿದ್ದೆ. ಆ ಊರಲ್ಲಿ ಸಿಗ್ನಲ್ ಪೂರ್ತಿ ಹೋಗುವುದೇ ಇಲ್ಲ, ಒಂದು ಕಡ್ಡಿ ಕುಂಟುತ್ತಲೇ ಇರುತ್ತದೆ. ಪೆಟ್ಟಿಗೆ ಆ ಒಂದು ಕಡ್ಡಿಯನ್ನೇ ಹಿಡಿದು ಕೂತಿತ್ತು. ಸಿಗ್ನಲ್ ಎಷ್ಟು ಕುಂದಿದರೆ ದಾಟಬೇಕೆಂಬ ಒಂದು ಸಂಖ್ಯೆಯನ್ನು ಲ್ಯಾಪ್‌ಟಾಪ್‌ನಲ್ಲಿ ಬದಲಿಸಿದೆ. ಆಮೇಲೆ ಕರೆ ಒಮ್ಮೆಯೂ ತುಂಡಾಗಲಿಲ್ಲ.

“ಮರ ತೆಗ್ಸಿದ್ದೇ ಸರಿಹೋಯ್ತು ನೋಡಿ ಸಾರ್” ಎಂದರು ನರ್ಸ್. ನಾನು ಹೌದೆಂದೆ. ವರದಿಯಲ್ಲೂ ಹಾಗೇ ಬರೆದೆ.

ಆ ಸಂಖ್ಯೆಯ ಮೇಲೆ ನನಗೆ ಅನುಮಾನ ಬಂದದ್ದು ಯಾವಾಗ? ಮರ ಬಿದ್ದ ಮೇಲೆ ಎಂದು ಎರಡು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಪರದೆಯ ಮೇಲೆ ಆ ಸಂಖ್ಯೆಯಿದ್ದ ಸಾಲನ್ನು ನೆನೆದಾಗಲೆಲ್ಲ ಕೊಡಲಿಯ ಸದ್ದೂ ಕೇಳುತ್ತದೆ. ನೆನಪು ಎರಡನ್ನೂ ತಾನೇ ಬೆಸೆದಿರಬಹುದು. ಮರ ಇನ್ನೂ ನಿಂತಿರುವಾಗಲೇ ಅನುಮಾನ ಬಂದೂ ನಾನು ಸುಮ್ಮನೆ ಕೂತಿದ್ದಿರಬಹುದು. ಪರರ ಲೆಕ್ಕಾಚಾರವನ್ನೆಲ್ಲ ಅನುಮಾನಿಸುವ ನನಗೆ ಇದೊಂದನ್ನು ಬಗೆಹರಿಸಿಕೊಳ್ಳಲಾಗಿಲ್ಲ.

ಮೊನ್ನೆ ಅಜ್ಜಂಪುರಕ್ಕೆ ಹೊರಟವನು ದಾರಿ ಬಿಟ್ಟು ಆ ಹಳ್ಳಿಗೆ ಹೋದೆ. ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

“ಮರ ಅಡ್ಡ ಇರ್ಲಿಲ್ಲ ಅಜ್ಜಿ. ತಪ್ಪು ನನ್ ಪೆಟ್ಟಿಗೇಲಿತ್ತು.”

ಅವರ ಕೈ ನಿಂತಿತು.

“ಕಡ್ಸಕ್ ಮುಂಚೇನೇ ಗೊತ್ತಿತ್ತಾ?”

“ಇಲ್ಲ, ಆಮೇಲೆ ಗೊತ್ತಾಯ್ತು.”

ಅಷ್ಟು ಖಚಿತವಾಗಿ ಹೇಗೆ ಹೇಳಿದೆನೋ.

“ಹಂಗಾರೆ ನಿಂದೇನ್ ತಪ್ಪದೆ, ಬಿಡು. ಕೂತ್ಕೋ” ಎಂದು ಎದ್ದುಹೋಗಿ ಕಾಫಿ ತಂದರು. ತಲೆಯೆತ್ತದೆ ಕುಡಿದೆ.