ಪಕ್ಕದ ಪುಸ್ತಕ

ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಗ್ರಂಥಾಲಯಗಳಿಗೆ ಪುಸ್ತಕಗಳ ಆರೋಗ್ಯ ನೋಡಲು ಬರುವ ವೀಬೆ ಮಹಾಶಯರಿಗೆ ಏನನ್ನಾದರೂ ಆರಿಸುವುದೆಂದರೆ ಹಾವು ಕಂಡ ಹಾಗೆ. ಲಕ್ಷಾಂತರ ಪುಸ್ತಕಗಳಲ್ಲಿ ಯಾವ ನಾಲ್ಕೈದು ನೂರನ್ನು ಪರೀಕ್ಷಿಸಬೇಕೆಂದು ಕಂಪ್ಯೂಟರು ಕಣ್ಣು ಮುಚ್ಚಿ ಅಂಕಿ ಕೊಡುತ್ತದೆ; ಅವುಗಳಿಂದಲೇ ಉಳಿದೆಲ್ಲದರ ಆರೋಗ್ಯದ ಲೆಕ್ಕ. ತಮ್ಮ ಕೈ ಎಲ್ಲಿ ಬೇರೊಂದರ ಮೇಲೆ ಮನಸ್ಸಿಟ್ಟು ಇಡೀ ಲೆಕ್ಕವನ್ನೇ ಕೆಡಿಸೀತೋ ಎಂದು ಅವರಿಗೆ ಹಗಲೆಲ್ಲ ದಿಗಿಲು. ಎಡದಿಂದ ಹನ್ನೊಂದನೆಯದು ಎಂದು ಅಂಕಿ ಬಂದರೆ ಎಣಿಸಿದ್ದನ್ನೇ ಎಣಿಸುತ್ತಾರೆ, ಕಡೆಯ ಸಲ ಉಸಿರು ಬಿಗಿಹಿಡಿದು. ಬಿಸ್ಕತ್ತಿನ ಡಬ್ಬ ಮುಂದಿಟ್ಟರೂ ಅಂಕಿ ಕೇಳುತ್ತಾರೆ. ಹೆಂಡತಿಯನ್ನೂ ಹೀಗೇ ಪಡೆದರೆಂದು ಊರೇ ನಂಬಿದೆ. "ನೀವು ತೆಗೆದದ್ದು ಗುಂಡುಕಲ್ಲಿನ ಹಾಗಿದೆ ಕಣ್ರೀ, ಪಕ್ಕದ್ದು ನೋಡಿ, ಬೆನ್ನೇ ಕಿತ್ತು ಬಂದಿದೆ!" ಎಂದು ಕಪಾಟುಗಳನ್ನು ಕಾಯುವ ಯೆಲ್ಟ್ಯೆ ಗೋಗರೆಯುತ್ತಾಳೆ. ಪರೀಕ್ಷೆಯಲ್ಲಿ ಸಾಕಷ್ಟು ರೋಗಿಗಳು ಸಿಗದಿದ್ದರೆ ಅವಳ ಪುಸ್ತಕಗಳಿಗೆ ರಿಪೇರಿಯ ಭಾಗ್ಯವಿಲ್ಲ. "ಅಂಕಿ ಅದರ ಮೇಲೆ ಬಿದ್ದಿಲ್ಲ ಯೆಲ್ಟ್ಯೆ, ನಾನೇನ್ ಮಾಡ್ಲಿ?" "ನಿಮ್ಮ ಎದೆಯೊಳಗೂ ಅಂಕಿನೇ ತುಂಬಿಸಿ ಕಳಿಸಿದಾನಾ ದೇವರು?" ಒಂದು ಕಡೆ ಕೈ ಜಾರಿದರೂ ಯಾವ ಊರಿನ ಲೆಕ್ಕವನ್ನೂ ಯಾರೂ ನಂಬುವುದಿಲ್ಲವೆಂದು ಗೊತ್ತಿರುವ ವೀಬೆ, ಬೆವರುತ್ತಲೇ ಆ ಗುಂಡುಕಲ್ಲು ಪುಸ್ತಕದ ಹೆಸರಿನ ಮುಂದೆ 'ಕ್ಷೇಮ' ಎಂದು ಬರೆಯುತ್ತಾರೆ. ಅವಳು ಸಿಡುಕಿಕೊಂಡು ಕಾಫಿ ತರಲು ಹೋದಾಗ ಮಾತ್ರ, ಜೇಬಿನಿಂದ ಹತ್ತಿಯ ಪಟ್ಟಿಯೊಂದನ್ನು ತೆಗೆದು, ಲೆಕ್ಕಕ್ಕೆ ಬಾರದ ಆ ಪಕ್ಕದ ಪುಸ್ತಕವನ್ನು ಮುರಿದ ಕೈ ಕಟ್ಟುವಷ್ಟು ಮೆತ್ತಗೆ ಸುತ್ತಿ ಕಟ್ಟಿ, ಇದ್ದಲ್ಲೇ ಇಡುತ್ತಾರೆ. ಅವಳು ಮರಳುವ ಹೊತ್ತಿಗೆ ಗಂಟು ಭದ್ರವಾಗಿರುತ್ತದೆ. ಅವರು ಮುಂದಿನ ಅಂಕಿಗಾಗಿ ಎಡದಿಂದ ಎಣಿಸುತ್ತಿರುತ್ತಾರೆ.